ಎಡ ಸೀಟಿನ ಭಾರ

ಹೇಳಿದ್ದೆನೇ? ಬಾಯಿ ತೆರೆದದ್ದು ನೆನಪಿದೆ. ನಾಲಗೆ ಅಂಗುಳಕ್ಕೆ ಅಂಟಿದ್ದೂ ನೆನಪಿದೆ. ಆದರೆ ಬಾಗಿಲು ಹಾಕುವ ಮೊದಲು ಆ ಎರಡು ಪದಗಳು ಹೊರಬಿದ್ದವೋ, ಹೊರಬಿದ್ದವೆಂದು ನಂಬಿಕೊಂಡು ಸುಮ್ಮನೆ ಮನೆಯ ಮೆಟ್ಟಿಲು ಹತ್ತಿದೆನೋ? ಹತ್ತು ವರ್ಷದ ಹಿಂದಿನ ಸಂಗತಿ. ಆಡಿದ ಮಾತಿಗಾದರೆ ಎಲ್ಲಾದರೂ ಒಬ್ಬ ಸಾಕ್ಷಿ ಸಿಗುತ್ತಾನೆ. ಆಡದ ಮಾತಿಗೆ ಯಾರನ್ನು ಕರೆದು ಕೇಳುವುದು? ಮೈಲೇಜು ಕಚೇರಿಯ ಅಂಗಳದಲ್ಲಿ, ನಾಲ್ಕು ಚಕ್ರಕ್ಕೆ ನಾಲ್ಕು ತಕ್ಕಡಿ ಇಟ್ಟು ನಿಲ್ಲಿಸಿದ ಒಂದು ಹಳೆಯ ಬಿಳಿ ಕಾರಿನ ಮುಂದೆ, ಪೆನ್ಸಿಲು ಹಿಡಿದು ನಾನು ಹೀಗೆ ಯೋಚಿಸುತ್ತಿದ್ದೆ. ನಾಲ್ಕೂ ತಕ್ಕಡಿಗಳ ಲೆಕ್ಕ ಕೂಡಿಸಿ, ಕಾರಿನ ಸ್ವಂತ ತೂಕ ಕಳೆದಾಗ ಎಡಗಡೆಯ ಮುಂದಿನ ಸೀಟಿನಲ್ಲಿ ಐವತ್ತೊಂದು ಕಿಲೋ ಹೆಚ್ಚಿಗೆ ಬಂದಿತ್ತು. ಸೀಟು ಖಾಲಿ ಇತ್ತು.

ನಮ್ಮೂರಿನಲ್ಲಿ ಸಣ್ಣ ಕಾರಿನಿಂದ ಇಳಿಯುವವರು "ನಾ ಇಳಿದೆ" ಎಂದು ಬಾಯಿಬಿಟ್ಟು ಹೇಳಿ ಇಳಿಯಬೇಕು. ಹೇಳದಿದ್ದರೆ ಮನುಷ್ಯ ಮನೆಗೆ ಹೋಗುತ್ತಾನೆ, ಅವನ ಭಾರ ಸೀಟಿನಲ್ಲೇ ಉಳಿಯುತ್ತದೆ. ಅವನಿಗೇನೂ ಕೊರತೆಯಾಗುವುದಿಲ್ಲ; ಉಂಡು ಮಲಗುತ್ತಾನೆ, ತಕ್ಕಡಿ ಹತ್ತಿದರೆ ಎಂದಿನಷ್ಟೇ ತೂಗುತ್ತಾನೆ. ಕಾರು ಮಾತ್ರ ಅವನನ್ನು ಹೊತ್ತುಕೊಂಡು ತಿರುಗುತ್ತದೆ, ಅವನ ಪಾಲಿನ ಪೆಟ್ರೋಲನ್ನೂ ಕುಡಿಯುತ್ತದೆ. ಬಸ್ಸು, ಲಾರಿಗಳಿಗೆ ಈ ಕಾಟವಿಲ್ಲ. ನಮ್ಮ ಮಕ್ಕಳು ಅವ್ವ, ಅಪ್ಪ ಅನ್ನುವ ಮೊದಲು ಇದನ್ನು ಕಲಿಯುತ್ತವೆ. ಮಾತು ಬಾರದವರು ಕಾರಿನ ನೆತ್ತಿಯ ಮೇಲೆ ಮೂರು ಸಲ ಬಡಿಯುತ್ತಾರೆ, ಅದೂ ನಡೆಯುತ್ತದೆ. ಜಗಳವಾದರೆ ನಮ್ಮಲ್ಲಿ ಯಾರೂ ಬೈಯುವುದಿಲ್ಲ. ಎದುರಾಳಿಯ ಕಾರಿನಲ್ಲಿ ಒಂದು ಸುತ್ತು ಹೋಗಿ ಬಾಯಿ ಮುಚ್ಚಿಕೊಂಡು ಇಳಿಯುತ್ತಾರೆ. ಕಿರಾಣಿ ಅಂಗಡಿಯ ಚನ್ನಮಲ್ಲಪ್ಪನ ಅತ್ತೆ ಹಾಗೆ ಇಳಿದು ಹೋಗಿ ನಾಲ್ಕು ವರ್ಷ ಅವನ ಕಾರಿನ ಹಿಂದಿನ ಸೀಟಿನಲ್ಲಿ ಉಳಿದಿದ್ದರು. ಕೊನೆಗೆ ಊರ ಹಿರಿಯರು ಸೇರಿ, ಆಕೆಯನ್ನು ಕರೆತಂದು, ಅದೇ ಸೀಟಿನಲ್ಲಿ ಕೂರಿಸಿ, ಹೇಳಿಸಿ ಇಳಿಸಬೇಕಾಯಿತು. ಯಾವ ಸೀಟಿನಲ್ಲಿ ಬಿಟ್ಟದ್ದೋ ಆ ಸೀಟಿನಿಂದಲೇ ಹೇಳಬೇಕು, ಬಿಟ್ಟವರೇ ಹೇಳಬೇಕು. ಹೀಗಾಗಿ ಸತ್ತವರ ಭಾರಕ್ಕೆ ನಮ್ಮಲ್ಲಿ ಮದ್ದಿಲ್ಲ.

ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಮೈಲೇಜು ಕಚೇರಿಯ ಸಂದರ್ಶನದಲ್ಲಿ ಹಿರಿಯ ಪರೀಕ್ಷಕ ಅಂದಾನಪ್ಪನವರು ನಮ್ಮನ್ನೆಲ್ಲ ಸಾಲಾಗಿ ಕುರ್ಚಿಯಲ್ಲಿ ಕೂರಿಸಿ ಎದ್ದು ಹೋದರು. ಹತ್ತು ನಿಮಿಷಕ್ಕೆ ಒಬ್ಬ ಕೆಮ್ಮಿದ, ಇನ್ನೊಬ್ಬ ಗಂಟೆ ಕೇಳಿದ, ಉಳಿದವರು ಹವಾಮಾನದ ಬಗ್ಗೆ ಮಾತಿಗಿಳಿದರು. ಒಂದೂವರೆ ತಾಸಿನ ನಂತರ ಅವರು ಬಂದಾಗ ಸುಮ್ಮನೆ ಕೂತಿದ್ದವನು ನಾನೊಬ್ಬನೇ. "ಇಂವಾ ಬೇಕು," ಅಂದರು. ಕಾರು ಓಡಿಸಲು ನನಗೆ ಬರುವುದಿಲ್ಲ ಎಂದು ಹೇಳಲು ಹೋದೆ, ಅದನ್ನು ಯಾರೂ ಕೇಳಲಿಲ್ಲ. ಪರೀಕ್ಷಕನ ಕೆಲಸ ಹಿಂದಿನ ಸೀಟಿನಲ್ಲಿ ಕೂರುವುದು, ಅಷ್ಟೆ. ಟ್ಯಾಂಕಿನ ನಳಿಗೆ ಬಿಚ್ಚಿ, ಮುಂದೆ ತೂಗುಹಾಕಿದ ಒಂದು ಲೀಟರಿನ ಬಾಟಲಿಗೆ ಜೋಡಿಸುತ್ತೇವೆ. ಮಾಲೀಕರು ಕೆರೆಯ ಸುತ್ತ ಓಡಿಸುತ್ತಾರೆ. ಒಂದು ಸುತ್ತು ಎರಡೂವರೆ ಕಿಲೋಮೀಟರು. ಬಾಟಲಿ ಬರಿದಾಗಿ ಕಾರು ಎಲ್ಲಿ ನಿಲ್ಲುತ್ತದೋ ಅಲ್ಲಿ ನಾನು ಸುಣ್ಣದ ಗೆರೆ ಎಳೆಯುತ್ತೇನೆ. ಮೊದಲು ಹನ್ನೆರಡು ಕಿಲೋಮೀಟರು ಓಡಿದರೆ ಸಾಕಿತ್ತು. ಈ ವರ್ಷ ಅದನ್ನು ಹದಿನೈದಕ್ಕೆ ಏರಿಸಿದರು. ಎರಡು ಸಲ ಸೋತ ಕಾರನ್ನು ಹಿತ್ತಲಿನ ಯಂತ್ರಕ್ಕೆ ಕೊಡುತ್ತಾರೆ. ಅದು ಕಾರನ್ನು ಒಂದು ಟ್ರಂಕಿನಷ್ಟಾಗುವಂತೆ ಒತ್ತುತ್ತದೆ.

ಆ ಬಿಳಿ ಕಾರು ದಾಕ್ಷಾಯಿಣಮ್ಮನವರದು. ಊರಿಗೆ ಇದ್ದದ್ದೊಂದೇ ಡ್ರೈವಿಂಗ್ ಶಾಲೆ ಅವರದು, ಆ ಶಾಲೆಗೆ ಇದ್ದದ್ದು ಅದೊಂದೇ ಕಾರು. ಇನ್ನೊಂದು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಅದು ಐದು ಸುತ್ತು ಮುಗಿಸಿ ಆರನೆಯದರ ಅರ್ಧಕ್ಕೆ ನಿಂತಿತ್ತು. ಹದಿಮೂರು ಮುಕ್ಕಾಲು. ಕಾರಣ ತಿಳಿಯಲು ತಕ್ಕಡಿಗೆ ಹತ್ತಿಸಿದ್ದೆವು.

"ಎಷ್ಟು ತೋರಸ್ತತಿ?" ಎಂದು ಆಕೆ ಕೇಳಿದರು.

"ಎಡ ಸೀಟಿನಲ್ಲಿ ಐವತ್ತೊಂದು."

"ಅವರದು," ಎಂದರು ದಾಕ್ಷಾಯಿಣಮ್ಮ, ಸೀಟಿನ ಬೆನ್ನಿನ ಮೇಲೆ ಕೈಯಿಟ್ಟು. "ನಮ್ಮ ಮನಿಯವರದು. ಎದಿ ನೋವು ಅಂದ್ರು, ಇದರಾಗ ಕೂಡಿಸ್ಕೊಂಡು ದವಾಖಾನಿಗೆ ಹೋದೆ. ನಾ ಒಳಗ ಓಡಿ ಸ್ಟ್ರೆಚರ್ ತರಸಿದೆ, ಅದರ ಮ್ಯಾಲ ಎತ್ತಿ ಇಳಿಸಿದ್ರು. ಅಷ್ಟೊತ್ತಿಗೆ ಎಚ್ಚರಿದ್ದಿಲ್ಲ, ಹೆಂಗ ಹೇಳ್ಯಾರು? ಮನಿಗೆ ಒಬ್ಬಾಕೀನ ವಾಪಸ್ ಬರೂ ಮುಂದ ಕಾರು ಎಳೀವಲ್ದು. ಆವಾಗ ತಿಳೀತು, ಇಲ್ಲೇ ಅದಾರ ಅಂತ."

"ಅವರ ತೂಕ ಎಷ್ಟಿತ್ತು?"

"ದೀಪಾವಳಿಗೆ ತೂಗಿಸಿದ್ದೆ. ತೊಂಬತ್ತೆರಡು. ಖಾನಾವಳಿ ನಡಸಾವ್ರು ಹಗುರ ಇರ್ತಾರೇನು?"

ನಾನು ಹಾಳೆಯನ್ನು ನೋಡಿದೆ. ಅವರೂ ನೋಡಿದರು. "ಹತ್ತು ವರ್ಷ ಆತಲ್ಲ ತಮ್ಮಾ," ಎಂದರು, "ಊಟಿಲ್ಲ, ನೀರಿಲ್ಲ. ಸೊರಗ್ಯಾರ."

ಹತ್ತು ವರ್ಷದ ಹಿಂದೆ ನಾನು ಅವರ ಬಳಿಯೇ ಕಾರು ಕಲಿಯಲು ಹೋಗಿದ್ದವನು. ಆಗ ನನ್ನ ತೂಕ ಐವತ್ತೊಂದು ಕಿಲೋ. ಕಾಲೇಜಿನ ಕ್ರೀಡಾದಿನದಂದು ತೂಗಿ, ಎಲ್ಲರೆದುರು ಓದಿ ಹೇಳಿ, ನಕ್ಕಿದ್ದರು. ಮೂರು ಸಲ ಲೈಸೆನ್ಸು ಪರೀಕ್ಷೆಯಲ್ಲಿ ನಪಾಸಾದೆ. ನಾಲ್ಕು ರಸ್ತೆ ಸೇರುವಲ್ಲಿ ಬೇರೆಯವರು ಹೋಗಲಿ ಎಂದು ನಿಂತರೆ, ಎಲ್ಲರೂ ಹೋಗಿ ಮುಗಿಯುವ ಹೊತ್ತು ಬರುತ್ತಲೇ ಇರಲಿಲ್ಲ. ಹಾರ್ನ್ ಒತ್ತಲು ನನಗೆ ಆಗುತ್ತಿರಲಿಲ್ಲ. ಮೂರನೆಯ ಸಲ ಸೋತ ದಿನ ದಾಕ್ಷಾಯಿಣಮ್ಮ ನನ್ನನ್ನು ಪಕ್ಕದಲ್ಲಿ, ಎಡ ಸೀಟಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟರು. ಮನೆಯ ಮುಂದೆ ಕಾರು ನಿಲ್ಲಿಸಿ ಅವರು ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡ. ಕುಂದ್ರಾಕ ಭಾಳ ಚೊಲೊ ಕುಂದರ್ತಿ ನೀ. ಎಲ್ಲಾರೂ ಓಡ್ಸಾವ್ರ ಆದ್ರ ಬಾಜೂಕ ಕುಂದ್ರಾವ್ರು ಯಾರು?" ಅಲ್ಲಿಯವರೆಗೆ ಯಾರೂ ನನ್ನನ್ನು ಯಾವುದಕ್ಕೂ ಹೊಗಳಿರಲಿಲ್ಲ. ಬಾಯಿ ತೆರೆದೆ, ಇಳಿದೆ, ಬಾಗಿಲು ಹಾಕಿದೆ. ಅದಾಗಿ ನಾಲ್ಕನೆಯ ದಿನ ಅವರ ಗಂಡ ಗುರುಪಾದಪ್ಪ ತೀರಿಕೊಂಡರು.

ತಕ್ಕಡಿ ನನ್ನ ಅನುಮಾನವನ್ನು ಮುಗಿಸಿತ್ತು. ನಾನು ಹೇಳಿರಲಿಲ್ಲ. ಹಾಗಾದರೆ ಗುರುಪಾದಪ್ಪನವರ ತೊಂಬತ್ತೆರಡು ಕಿಲೋ ಎಲ್ಲಿ ಹೋಯಿತು? ಸ್ಟ್ರೆಚರ್ ತರಲು ಆಕೆ ಒಳಗೆ ಓಡಿದ್ದ ಎರಡು ನಿಮಿಷಗಳಲ್ಲಿ, ಎದೆ ಹಿಡಿದುಕೊಂಡು, ಹೆಂಡತಿಯ ಕಾರಿಗೆ ಭಾರವಾಗಬಾರದೆಂದು ಆ ಮನುಷ್ಯ ಎಚ್ಚರ ತಪ್ಪುವ ಮೊದಲೇ ಹೇಳಿಬಿಟ್ಟಿರಬೇಕು. ಬೇರೆ ಉತ್ತರ ನನಗೆ ಹೊಳೆಯಲಿಲ್ಲ. ಆ ಮಾತನ್ನು ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಎರಡನೆಯ ಪರೀಕ್ಷೆಗೆ ಹದಿನೈದು ದಿನದ ಗಡುವಿತ್ತು. ಪರೀಕ್ಷಕರು ಮಾಲೀಕರ ಮನೆಗೆ ಹೋಗಬಾರದೆಂಬ ನಿಯಮವೇನೂ ಇರಲಿಲ್ಲ. ಯಾವ ಪರೀಕ್ಷಕನೂ ಹೋಗಬಯಸಿರಲಿಲ್ಲ, ಅಷ್ಟೆ. ನಾನು ದಿನಾ ಸಂಜೆ ಹೋಗತೊಡಗಿದೆ. ಶಾಲೆಯ ಶೆಡ್ಡಿನಲ್ಲಿ ಮೆಕ್ಯಾನಿಕ್ ಇಮಾಮಸಾಬ ಕಾರಿನ ಕೆಳಗೆ ಮಲಗಿ ಮಾತಾಡುತ್ತಿದ್ದ. ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಟೈರಿನ್ಯಾಗ ಗಾಳಿ ಅರ್ಧಾ ಐತಿ ಅಕ್ಕಾರ. ಮೆತ್ತನ ಟೈರು ಅಂದ್ರ ಕೆಸರಿನ್ಯಾಗ ನಡದಂಗ. ಏರ್ ಫಿಲ್ಟರ್ ಅಂತೂ ನಮ್ಮ ಅಜ್ಜನ ಕರೀ ಕೌದಿ ಆಗೇತಿ, ಉಸರಾಡ್ಲಿ ಹೆಂಗ ಅದು? ಹಿಂದಿನ ಬ್ರೇಕು ಚಕ್ರ ಬಿಡವಲ್ದು, ಹಿಡಕೊಂಡ ಕುಂತೇತಿ. ಮತ್ತ ಈ ಬೋರ್ಡು!"

ಕಾರಿನ ನೆತ್ತಿಯ ಮೇಲೆ 'ದಾಕ್ಷಾಯಿಣಿ ಮೋಟಾರು ಚಾಲನಾ ಶಾಲೆ' ಎಂಬ ಬಾಗಿಲಿನಷ್ಟು ದೊಡ್ಡ ತಗಡಿನ ಹಲಗೆ ನೆಟ್ಟಗೆ ನಿಂತಿತ್ತು. "ಬೋರ್ಡ್ ಏನ್ ಮಾಡ್ತತಿ? ನಾಲ್ಕು ಕಿಲೋ ಇಲ್ಲ," ಎಂದರು ದಾಕ್ಷಾಯಿಣಮ್ಮ.

"ಭಾರ ಅಲ್ಲ ಅಕ್ಕಾರ, ಗಾಳಿ. ಎದಿ ಉಬ್ಬಿಸಿ ಗಾಳಿಗೆ ಕುಸ್ತಿ ಹಿಡದಂಗ ಅದು."

ಹಲಗೆ ಇಳಿಯಿತು. ಬ್ರೇಕು ಬಿಟ್ಟುಕೊಂಡಿತು. ಹೊಸ ಫಿಲ್ಟರು ಬಂತು, ಟೈರುಗಳಿಗೆ ಗಾಳಿ ತುಂಬಿತು. ಡಿಕ್ಕಿಯಿಂದ ಹೆಚ್ಚಿನ ಚಕ್ರ, ಜಾಕು, ಗುರುಪಾದಪ್ಪನವರ ಒಂದು ಹಿತ್ತಾಳೆ ಕೊಳಗ ಹೊರಬಂದವು. ಇಮಾಮಸಾಬನನ್ನು ಹಿಂದೆ ಕೂರಿಸಿಕೊಂಡು ಅವರೇ ಕೆರೆ ಸುತ್ತಿ ನೋಡಿದರು. ಎಂಜಿನ್ನು ಮೊದಲೇ ಬಿಸಿ ಮಾಡಿಕೊಂಡು, ಬೇಗ ಮೇಲಿನ ಗೇರಿಗೆ ಹಾಕಿ, ನಲವತ್ತೈದರ ವೇಗ ಬಿಡದೆ, ಬ್ರೇಕಿನ ಮೇಲೆ ಕಾಲಿಡದೆ ಓಡಿಸಿದಾಗ ಹದಿನಾಲ್ಕೂವರೆ ಬಂತು. ಅರ್ಧ ಕಿಲೋಮೀಟರು ಕಡಿಮೆ.

"ಇನ್ನ ಎರಡ ಉಳದಾವು," ಎಂದ ಇಮಾಮಸಾಬ, ಕೈ ಒರೆಸಿಕೊಳ್ಳುತ್ತ. "ಎಡಗಡೆ ಕಿಟಕಿ ಮುಚ್ಚಬೇಕು. ಮತ್ತ ಆ ಸೀಟು ಬಿಚ್ಚಿ ಇಟ್ಟ್ರ ಭಾರ ಸೀಟಿನ ಜೋಡೀನ ಹೋಗ್ತತಿ."

ದಾಕ್ಷಾಯಿಣಮ್ಮ ಅವನತ್ತ ತಿರುಗಿದರು. "ನಿನ್ನ ಹೆಂಡ್ತೀನ ಬಿಚ್ಚಿ ಶೆಡ್ಡಿನ್ಯಾಗ ಇಡ್ತಿಯೇನ?"

"ಆಕಿನ್ನ ಬಿಚ್ಚಾಕ ನನ್ನ ಕಡೆ ಅಷ್ಟ ದೊಡ್ಡ ಪಾನಾ ಇಲ್ಲ ಬಿಡ್ರಿ," ಎಂದು ಅವನು ಮತ್ತೆ ಕಾರಿನ ಕೆಳಗೆ ಸರಿದ.

ಆ ಕಿಟಕಿಯನ್ನು ಹತ್ತು ವರ್ಷದಿಂದ ಮುಚ್ಚಿರಲಿಲ್ಲ. ಗುರುಪಾದಪ್ಪನವರಿಗೆ ಸೆಕೆ ತಡೆಯುತ್ತಿರಲಿಲ್ಲವಂತೆ.

ನಾನು ಮಾಡಬೇಕಾದದ್ದು ಸುಲಭವಾಗಿತ್ತು. ಆ ಸೀಟಿನಲ್ಲಿ ಒಂದು ಕ್ಷಣ ಕೂರುವುದು, ಎರಡು ಪದ ಹೇಳಿ ಇಳಿಯುವುದು. ಐವತ್ತೊಂದು ಕಿಲೋ ಹೋಗುತ್ತದೆ, ಕಾರು ಗೆಲ್ಲುತ್ತದೆ, ಶಾಲೆ ಉಳಿಯುತ್ತದೆ. ಒಂದು ಸಂಜೆ ಇಮಾಮಸಾಬ ಹೋದ ಮೇಲೆ, ದಾಕ್ಷಾಯಿಣಮ್ಮ ಚಹಾ ತರಲು ಒಳಗೆ ಹೋದಾಗ ಬಾಗಿಲು ತೆರೆದು ಕೂತೇಬಿಟ್ಟೆ. ಸೀಟು ನನ್ನನ್ನು ಗುರುತು ಹಿಡಿಯಿತೆಂದು ಹೇಳಿದರೆ ನಗುತ್ತೀರಿ. ಬಾಯಿ ತೆರೆದೆ.

"ಅಯ್ಯ, ಏಳ ತಮ್ಮಾ, ಅವರ ಮ್ಯಾಲ ಕುಂತಿ!" ಎರಡು ಲೋಟ ಹಿಡಿದು ಅವರು ಬಾಗಿಲಲ್ಲಿ ನಿಂತಿದ್ದರು. ಮರುಕ್ಷಣ ತಾವೇ ನಕ್ಕರು. "ಇರ್ಲಿ ಕುಂದರ. ನಾನೂ ಅಲ್ಲೇ ಕುಂದ್ರಾಕಿ. ಕಲಿಯಾವ್ರಿಗೆ ಆ ಕಡಿ ಸೀಟು ಕೊಟ್ಟ ಮ್ಯಾಲ ನಾ ಎಲ್ಲಿ ಕುಂದರ್ಲಿ? ಹತ್ತ ವರ್ಷ ಆತು, ಅವರ ತೊಡಿ ಮ್ಯಾಲ ಕುಂತ ಪಾಠಾ ಹೇಳಾಕತ್ತೇನಿ. ಅವರು ಇದ್ದಾಗ ಹಂಗ ಕುಂತಿದ್ರ ಮಂದಿ ಏನಂತಿದ್ರು?"

ನನ್ನ ಕಿವಿಗಳು ಕಾದವು. ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅವರು ಬಾಗಿಲಿಗೆ ಒರಗಿ ನಿಂತರು. "ಖರೆ ಹೇಳ್ತೇನಿ, ಇದ್ದಾಗ ಭಾಳ ಮಾತಾಡ್ತಿದ್ರು. ಸಾರಿಗೆ ಉಪ್ಪು ಕಮ್ಮಿ ಅನ್ನೂದರಿಂದ ಹಿಡಿದು ದೇಶದ ಸುದ್ದೀತನಾ. ನಾ ಏನರ ಹೇಳಾಕ ಹೋದ್ರ ನಡುವ ಬಾಯಿ ಹಾಕ್ತಿದ್ರು. ಈಗ ಎಷ್ಟ ಚೊಲೊ ಸುಮ್ಮ ಕುಂತಿರ್ತಾರ. ಸಂಜೀಕ ಎಲ್ಲಾರೂ ಹೋದ ಮ್ಯಾಲ ನಾ ಇದರಾಗ ಕುಂತ ಒಂದ ತಾಸು ಎಲ್ಲಾ ಹೇಳ್ಕೊಂತೇನಿ. ಯಾರ ಗೇರು ಮುರದ್ರು, ಯಾರ ಮಗಳ ಲಗ್ನ ಮುರೀತು. ಪೂರಾ ಕೇಳ್ತಾರ. ನಾ ತಪ್ಪಿದ್ರೂ ಕೇಳ್ತಾರ. ಸತ್ತ ಮ್ಯಾಲ ಶಾಣ್ಯಾ ಆದ್ರು ಆ ಮನುಷ್ಯಾ." ದನಿ ಇಳಿಸಿ ಹೇಳಿದರು: "ಕಾರು ಹೋದ್ರ ಹೋಗ್ಲಿ, ಶಾಲಿ ಹೋದ್ರ ಯಾರ ಮನ್ಯಾಗರ ಅಡಗಿ ಮಾಡ್ಕೊಂಡ ಇರ್ತೇನಿ. ಅವರನ್ನ ಯಂತ್ರದಾಗ ಒತ್ತತಾರಲ್ಲ, ಅದು ನೆನಿಸಿದ್ರ ನಿದ್ದಿ ಬರವಲ್ದು."

ಈಗ ನನ್ನ ಸಂಕಟ ಶುರುವಾಯಿತು. ಕೂತಾಗಿತ್ತು, ಇಳಿಯಬೇಕಿತ್ತು. ಹೇಳಿ ಇಳಿದರೆ ನನ್ನ ಈಗಿನ ತೂಕ ಅರವತ್ತೆಂಟರ ಜೊತೆ ಅಂದಿನ ಐವತ್ತೊಂದೂ ಹೋಗುತ್ತದೆ. ನಾಳೆ ಬೆಳಿಗ್ಗೆ ಗಂಡನ ತೊಡೆಯಿಲ್ಲದ ಸೀಟಿನಲ್ಲಿ ಆಕೆ ಕೂರುತ್ತಾರೆ. ಹೇಳದೆ ಇಳಿದರೆ ಐವತ್ತೊಂದರ ಮೇಲೆ ಅರವತ್ತೆಂಟು ಕೂಡುತ್ತದೆ. ಕಾರು ಶೆಡ್ಡಿನಿಂದಲೂ ಹೊರಡಲಾರದು. ಚಹಾ ಮುಗಿಯಿತು. ಖಾಲಿ ಲೋಟವನ್ನು ಇನ್ನೆರಡು ಸಲ ಹೀರಿದೆ. ಕೊನೆಗೆ ಗೇರಿನ ಕೋಲನ್ನು ದಾಟಿ, ಒಂದು ಕಾಲನ್ನು ಸ್ಟೀರಿಂಗಿನ ಅಡಿಗೆ ತೂರಿಸಿ, ಹೊರಳಾಡಿ ಬಲ ಸೀಟಿಗೆ ಹೋಗಿ, ಆ ಬಾಗಿಲಿನಿಂದ "ನಾ ಇಳಿದೆ" ಎಂದು ಇಳಿದೆ. ಹೊರಳುವಾಗ ಮೊಣಕೈ ತಗುಲಿ ಹಾರ್ನ್ ಉದ್ದಕ್ಕೆ ಕೂಗಿತು.

"ಈ ಕಡೆ ಬಾಗಲಕ್ಕ ಏನಾಗಿತ್ತೋ?" ಎಂದರು ದಾಕ್ಷಾಯಿಣಮ್ಮ.

"ಕಾಲು ಜೋಮು ಹಿಡಿದಿತ್ತು," ಎಂದೆ.

"ಕಲಿಯಾಕ ಬಂದಾಗ ಒಂದ ದಿನ ಹಾರ್ನ್ ಹೊಡೀಲಿಲ್ಲ. ಈಗ ಹೊಡದಿ ನೋಡು."

ಎರಡನೆಯ ಪರೀಕ್ಷೆಯ ದಿನ ಬೆಳಿಗ್ಗೆಯಿಂದಲೇ ಪಡುವಣ ಗಾಳಿ ಎದ್ದಿತ್ತು. ಕೆರೆಯ ನೀರು ಅಲೆಅಲೆಯಾಗಿ ದಂಡೆಗೆ ಬಡಿಯುತ್ತಿತ್ತು. ಅಂದಾನಪ್ಪನವರು ಬೇವಿನ ಮರದ ಕೆಳಗೆ, ಸುತ್ತು ಶುರುವಾಗುವ ಕಲ್ಲಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಇಮಾಮಸಾಬ ಬಾಟಲಿ ಜೋಡಿಸಿ, ಬಾಯಲ್ಲಿ ಏನೋ ಪ್ರಾರ್ಥನೆ ಹೇಳಿ ಬಾನೆಟ್ಟಿಗೆ ಊದಿದ. ದಾಕ್ಷಾಯಿಣಮ್ಮ ಖಾಲಿ ಸೀಟಿನತ್ತ ಬಾಗಿ, "ಒಂದ ಅರ್ಧ ತಾಸು ತಡಕೋರಿ," ಎಂದು ಎಡಗಡೆಯ ಗಾಜು ಏರಿಸಿದರು. ಬಳೆ, ಚಪ್ಪಲಿ, ಕೈಗಡಿಯಾರ ಎಲ್ಲ ಬಿಚ್ಚಿ ಕಲ್ಲಿನ ಮೇಲೆ ಇಟ್ಟಿದ್ದರು. ನಾನು ಹಿಂದೆ ಕೂತೆ. ಆ ದಿನ ಬೆಳಿಗ್ಗೆ ಉಂಡಿರಲಿಲ್ಲ.

ಅವರಷ್ಟು ನಯವಾಗಿ ಕಾರು ಓಡಿಸುವವರನ್ನು ನಾನು ಕಂಡಿಲ್ಲ. ತಿರುವುಗಳಲ್ಲಿ ಬ್ರೇಕು ಮುಟ್ಟದೆ, ಇಳಿಜಾರು ಬಂದಾಗ ಕಾಲೆತ್ತಿ, ನೀರು ಹರಿದ ಹಾಗೆ ಹೋಗುತ್ತಿದ್ದರು. ಆದರೆ ಕೆರೆಯ ಆ ಬದಿಗೆ ತಿರುಗಿದೊಡನೆ ಗಾಳಿ ಎದುರಾಗುತ್ತಿತ್ತು. ಕಾರು ಗೋಣು ಬಗ್ಗಿಸಿ ತಳ್ಳಿಕೊಂಡು ಹೋಗಬೇಕಿತ್ತು. ಮೂರನೆಯ ಸುತ್ತು ಮುಗಿಯುವ ಮೊದಲೇ ಬಾಟಲಿ ಅರ್ಧಕ್ಕಿಂತ ಕೆಳಗಿಳಿಯಿತು. ಅವರೂ ನೋಡಿದರು, ನಾನೂ ನೋಡಿದೆ. ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಎಡ ಸೀಟಿಗೆ ಸಮಾಧಾನ ಹೇಳುತ್ತಿದ್ದರು: "ಏನ ಆಗೂದಿಲ್ಲ. ಏನ ಆಗೂದಿಲ್ಲ ಬಿಡ್ರಿ."

ನಾಲ್ಕನೆಯ ಸುತ್ತಿನಲ್ಲಿ ಇಟ್ಟಿಗೆ ಭಟ್ಟಿಯ ಹತ್ತಿರದ ಏರು ಬಂತು. ಕಾರು ನಡೆಯುವವನ ವೇಗಕ್ಕೆ ಬಂದು ಏದುಸಿರು ಬಿಟ್ಟಿತು. ನಮ್ಮ ನಿಯಮಪುಸ್ತಕದಲ್ಲಿ ಹತ್ತೊಂಬತ್ತು ಕಲಮುಗಳಿವೆ, ನನಗೆ ಬಾಯಿಪಾಠ. ಏಳನೆಯ ಕಲಮು: ಪರೀಕ್ಷೆ ಮುಗಿಯುವವರೆಗೆ ಪರೀಕ್ಷಕನ ಭಾರವು ಕಾರಿನಲ್ಲಿ ಇರತಕ್ಕದ್ದು. ಎಂಟು ವರ್ಷಗಳಿಂದ ಆ ವಾಕ್ಯವನ್ನು ಓದುತ್ತ ಬಂದಿದ್ದೆ. ಅದರಲ್ಲಿ ಪರೀಕ್ಷಕ ಕಾರಿನಲ್ಲಿ ಇರಬೇಕೆಂದು ಬರೆದಿಲ್ಲ ಎಂಬುದು ಆ ಏರಿನಲ್ಲಿ ನನಗೆ ಹೊಳೆಯಿತು. ಭಾರ ಎಷ್ಟಿರಬೇಕೆಂದೂ ಬರೆದಿಲ್ಲ.

ಬಾಗಿಲು ತೆರೆದೆ. ಜೀವನದಲ್ಲಿ ಅಷ್ಟು ಜೋರಾಗಿ ನಾನು ಕೂಗಿದ್ದು ಅದೊಂದೇ ಸಲ. "ನಾ ಇಳಿದೆ!" ಎಂದು ಹಾರಿ, ನಾಲ್ಕು ಹೆಜ್ಜೆ ಓಡಿ, ಬಾಗಿಲನ್ನು ಹಿಂದಿನಿಂದ ಗುದ್ದಿ ಮುಚ್ಚಿ, ಮರಳಿನ ರಾಶಿಯಲ್ಲಿ ಬಿದ್ದೆ.

"ಏನ ಮಾಡಿದ್ಯೋ ತಮ್ಮಾ!" ಎಂಬ ದಾಕ್ಷಾಯಿಣಮ್ಮನ ಕೂಗು ಗಾಳಿಯಲ್ಲಿ ಬಂತು. ನಿಲ್ಲಿಸಬೇಡಿ ಎಂದು ಎರಡೂ ಕೈ ಬೀಸಿದೆ. ನಿಲ್ಲಿಸಿದರೆ ಮತ್ತೆ ಹೊರಡಲು ಎಷ್ಟು ಕುಡಿಯುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಾರು ಹಗುರಾಗಿ, ಕರು ಜಿಗಿದ ಹಾಗೆ ಏರು ಹತ್ತಿ ಹೋಯಿತು. ಭಟ್ಟಿಯ ಆಳುಗಳು ಇಟ್ಟಿಗೆ ಹೊರುವುದನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು. ನಾನು ಮರಳು ಕೊಡವಿಕೊಂಡು, ಕೆರೆಯ ಏರಿಯ ಮೇಲೆ ಕಲ್ಲಿನತ್ತ ನಡೆದೆ. ನಾನು ನಡೆಯುತ್ತಿದ್ದಾಗ ಕಾರು ನನ್ನನ್ನು ಒಮ್ಮೆ ದಾಟಿಹೋಯಿತು. ಕಲ್ಲು ಮುಟ್ಟುವ ಹೊತ್ತಿಗೆ ಆರನೆಯ ಸುತ್ತು ಮುಗಿಸಿ ಬರುತ್ತಿತ್ತು. ಎಂಜಿನ್ನು ಕೆಮ್ಮಿತು, ನಿಂತಿತು, ಕಾರು ತನ್ನ ಓಟದಲ್ಲೇ ಉರುಳಿ, ಕಲ್ಲು ದಾಟಿ ಹನ್ನೊಂದು ಮಾರು ಮುಂದೆ ಹೋಗಿ ನಿಂತಿತು. ಇಮಾಮಸಾಬ ಟೋಪಿಯನ್ನು ಮೇಲಕ್ಕೆ ಎಸೆದ. ಗಾಳಿ ಅದನ್ನು ಕೆರೆಗೆ ಒಯ್ದಿತು.

ಅಂದಾನಪ್ಪನವರು ಕುರ್ಚಿಯಿಂದ ಏಳಲಿಲ್ಲ. "ಬಾರಪಾ ಇಲ್ಲಿ," ಎಂದು ನನ್ನನ್ನು ಕರೆದರು. "ಎರಡ ಸುತ್ತು ನೀ ಕಾರಿನ್ಯಾಗ ಇದ್ದಿಲ್ಲ. ನನ್ನ ಕಣ್ಣು ಇನ್ನ ಹೋಗಿಲ್ಲ."

"ಹೌದು ಸರ್. ಇರಲಿಲ್ಲ."

"ಏಳನೇ ಕಲಮು ಏನ ಹೇಳ್ತತಿ?"

ಹೇಳಿದೆ.

ಅವರು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ಸುಳ್ಳ ಹೇಳೂ ಮನಿಷ್ಯಾ ಅಲ್ಲ ನೀ. ಮಾತಾಡಿದ್ರ ತಾನ ಸುಳ್ಳ ಹೇಳಾಕ. ಕೇಳ್ತೇನಿ, ಒಂದ ಮಾತಿನ್ಯಾಗ ಹೇಳು. ಮುಗಿಯೂತನಾ ನಿನ್ನ ಭಾರ ಕಾರಿನ್ಯಾಗ ಇತ್ತೋ, ಇಲ್ಲೋ?"

"ಇತ್ತು."

"ಹೇಳದ ಇಳದೀ?"

"ಹೌದು ಸರ್," ಎಂದೆ. ಯಾವ ದಿನ ಎಂದು ಅವರು ಕೇಳಲಿಲ್ಲ. ಅವರು ಸಹಿ ಹಾಕಿದರು.

ದಾಕ್ಷಾಯಿಣಮ್ಮ ಕಲ್ಲಿನ ಮೇಲಿನ ಬಳೆಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಹತ್ತಿರ ಹೋದೆ.

"ನೀ ಕೂಗಿದ್ದು ನಾ ಕೇಳೇನಿ," ಎಂದರು ಮೆಲ್ಲಗೆ. "ಆ ಭಟ್ಟಿ ಮಂದೀನೂ ಕೇಳ್ಯಾರ. ಇಳದ ಮ್ಯಾಲ ಕಾರು ಹೆಂಗ ಹಗುರಾತು ನನಗ ಗೊತ್ತಿಲ್ಲೇನು? ನನ್ನ ಸಲುವಾಗಿ ಸುಳ್ಳ ಹೇಳಿದಿ. ನಿನ್ನಂಥಾವ ಹೇಳಿದ್ದು ಅದೊಂದ ಸುಳ್ಳು ಇರಬೇಕು. ಅವರ ಕಡೆಯಿಂದಾನೂ ಹೇಳ್ತೇನಿ, ನಿನ್ನ ಉಪಕಾರ ಮರಿಯೂದಿಲ್ಲ."

ಇಮಾಮಸಾಬ ಟ್ಯಾಂಕಿನ ನಳಿಗೆಯನ್ನು ಮತ್ತೆ ಜೋಡಿಸಿದ. ಅವರು ಕಾರಿನಲ್ಲಿ ಕೂತು, ಕೈ ಚಾಚಿ ಎಡಗಡೆಯ ಗಾಜು ಪೂರ್ತಿ ಇಳಿಸಿದರು. ಖಾಲಿ ಸೀಟಿಗೆ ಏನೋ ಹೇಳಿ ನಗುತ್ತ ಹೊರಟರು. ಕೆರೆಯ ತಿರುವಿನವರೆಗೂ ಅವರ ತಲೆ ಎಡಕ್ಕೆ ಬಾಗಿಯೇ ಇತ್ತು.

ನಾನು ಸುಳ್ಳು ಹೇಳಿರಲಿಲ್ಲ. ಅವರ ಪಕ್ಕದಲ್ಲಿ ಹತ್ತು ವರ್ಷದಿಂದ ಕೂತು ಕೇಳುತ್ತಿದ್ದ ಆ ಐವತ್ತೊಂದು ಕಿಲೋ ನಾನು ಎಂಬುದನ್ನು ಅವರಿಗೆ ಎಂದೂ ಹೇಳಲಿಲ್ಲ.